ಎರಡು ಕೈಗೆ ಎರಡು ಗಡಿಯಾರ

ಕಡಲಿಲ್ಲದ ವೈಟ್‌ಫೀಲ್ಡಿನವನಿಗೆ ಮುಳುಗುವವರ ಕಂಪ್ಯೂಟರು ಏತಕ್ಕೆಂದು ನೀವು ಕೇಳಬಹುದು. ವರ್ಷಕ್ಕೊಮ್ಮೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ನೀರಿಗಿಳಿಯುವ ಗೀಳು ನನ್ನದು. ಉಳಿದ ದಿನವೆಲ್ಲ ಅದಕ್ಕೆ ಬೀರುವಿನಲ್ಲಿ ನಿದ್ರೆ.

ನೋಡಲು ಕೈಗಡಿಯಾರ, ಕೆಲಸ ಬೇರೆ. ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚಿ, ಉಸಿರಿನ ಸಾರಜನಕ ಮೈಯಲ್ಲಿ ಕರಗುತ್ತದೆ. ಅವಸರದಿಂದ ಮೇಲೆದ್ದರೆ ಸೋಡಾ ಸೀಸೆ ತೆರೆದಂತೆ ಗುಳ್ಳೆಗಳೇಳುತ್ತವೆ; ಪ್ರಾಣಕ್ಕೇ ಸಂಚಕಾರ. 1908ರಲ್ಲಿ ಹಾಲ್ಡೇನರು ಕೋಷ್ಟಕ ಹಾಕಿಕೊಟ್ಟ ಬಗೆಯ ಲೆಕ್ಕವನ್ನು ಈ ಪುಟ್ಟ ಯಂತ್ರ ಕ್ಷಣಕ್ಷಣಕ್ಕೂ ಮಾಡುತ್ತದೆ.

ಮೂರನೆಯ ವರ್ಷ, ನೀರಿನಡಿಯಲ್ಲೇ ಅದರ ಮುಖ ಬರಿದಾಯಿತು. ಜೊತೆಗಾರನಿಗೆ ಸನ್ನೆ ಮಾಡಿ, ಅವನ ಯಂತ್ರವನ್ನು ನಂಬಿ ಮೆಲ್ಲಗೆ ಏರಿದೆವು. 5 ಮೀಟರಿನಲ್ಲಿ 3 ನಿಮಿಷ ನಿಂತೆವು. ಆ ಮೂರು ನಿಮಿಷ ಮೂರು ಯುಗ! ಆಮೇಲೆ ಬಿಚ್ಚಿ ನೋಡಿದರೆ, ಬ್ಯಾಟರಿ ಬದಲಿಸಿದ ಅಂಗಡಿಯವನು ರಬ್ಬರು ಬಳೆಯ ಮೇಲೆ ಒಂದು ಕೂದಲೆಳೆ ಬಿಟ್ಟಿದ್ದ. ನೀರಿಗೆ ಅಷ್ಟು ದಾರಿ ಸಾಕು.

ನಮ್ಮ ಕಚೇರಿಯಲ್ಲಿ ಒಂದು ಯಂತ್ರ ನಿಂತರೆ ಇನ್ನೊಂದು ಹೊರೆ ಹೊರುತ್ತದೆ. ನನ್ನ ಮೈಗೇಕೆ ಆ ಸೌಕರ್ಯವಿರಬಾರದು? ಈಗ ಎರಡು ಕೈಗೂ ಒಂದೊಂದು ಕಟ್ಟುತ್ತೇನೆ.

“ಎರಡೂ ಬೇರೆ ಬೇರೆ ಹೇಳಿದರೆ ಯಾವುದನ್ನು ನಂಬುತ್ತೀರಿ?” ಎಂದಳು ಮನೆಯಾಕೆ.

“ಹೆಚ್ಚು ಹೆದರುವುದನ್ನು” ಎಂದೆ.