ರೀಲ್ಸಿನ ತಿಂಡಿ, ಮೆಸ್ಸಿನ ತಟ್ಟೆ

ಅಮೆರಿಕದ ಕಾಲೇಜುಗಳಲ್ಲಿ ಊಟದ ದುಡ್ಡು ಮೊದಲೇ ಸಂದಾಯವಾಗಿರುತ್ತದೆ. ಸೆಮಿಸ್ಟರ್ ಶುರುವಾಗುವಾಗಲೇ ಮೀಲ್ ಪ್ಲಾನ್ ಅಂತ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಹುಡುಗರು ಐಡಿ ಕಾರ್ಡ್ ಉಜ್ಜಿ ಒಳಗೆ ಹೋದರಾಯಿತು, ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಳ್ಳಬಹುದು. ಕ್ಯಾಂಪಸ್ಸಿನಲ್ಲೇ ಇರುವ ಮೊದಲ ವರ್ಷದವರಿಗೆ ಬಹಳ ಕಡೆ ಈ ಪ್ಲಾನ್ ಕಡ್ಡಾಯ. ದುಡ್ಡು ಬಂದು ಕೂತಿರುವಾಗ ಗಿರಾಕಿಯನ್ನು ಓಲೈಸುವುದೇಕೆ ಅಂತ ಕೇಳಬಹುದು. ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ ಇದೇ ಹುಡುಗರು ನಾಲ್ಕು ಜನ ಸೇರಿ ಹೊರಗೆ ಮನೆ ಹಿಡಿಯುತ್ತಾರೆ, ಒಂದು ಅನ್ನದ ಕುಕ್ಕರ್ ಕೊಳ್ಳುತ್ತಾರೆ, ಪ್ಲಾನ್ ಬಿಟ್ಟುಬಿಡುತ್ತಾರೆ. ಹಾಗಾಗಿ ಅಲ್ಲಿನ ಅಡುಗೆಮನೆಯವರು ಹುಡುಗರ ಫೋನಿನಲ್ಲಿ ಯಾವ ತಿಂಡಿ ಓಡುತ್ತಿದೆ ಅಂತ ಒಂದು ಕಣ್ಣಿಟ್ಟಿರುತ್ತಾರೆ. ಅಲ್ಲಿ ಅವು ಓಡುವುದು ಟಿಕ್‌ಟಾಕ್‌ನಲ್ಲಿ. ನಮ್ಮಲ್ಲಿ 2020ರಲ್ಲಿ ಅದನ್ನು ನಿಷೇಧಿಸಿದ ಮೇಲೆ ಆ ಜಾಗಕ್ಕೆ ರೀಲ್ಸು, ಶಾರ್ಟ್ಸು ಬಂದು ಕೂತಿವೆ.

ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಬೇಯಿಸುತ್ತಾ ಹೋದರೆ ಅನ್ನ, ಸಾರು ಮಾಡುವವರು ಯಾರು ಎಂದು ಹಿರಿಯರು ಮೂಗು ಮುರಿಯುವುದುಂಟು. ನಾನು ಆ ಕಡೆಯವಳಲ್ಲ. ಮನೆ ಬಿಟ್ಟು ಬಂದ ಹದಿನೆಂಟರ ಮಕ್ಕಳಿಗೆ, ನೀವು ನೋಡಿದ್ದನ್ನು ನಾವೂ ನೋಡಿದ್ದೇವೆ ಅಂತ ಅಡುಗೆಮನೆಯಿಂದ ಒಂದು ಸುದ್ದಿ ಬರುವುದು ಸಣ್ಣ ವಿಷಯವಲ್ಲ. ಆದರೆ ಅದನ್ನು ಮಾಡುವ ಬಗೆಯಲ್ಲಿ ಬಹಳ ಕಡೆ ಎಡವುತ್ತಾರೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಡಾಲ್ಗೋನಾ ಕಾಫಿಯನ್ನೇ ನೋಡಿ. 2020ರ ಜನವರಿಯಲ್ಲಿ ಕೊರಿಯಾದ ನಟ ಜಂಗ್ ಇಲ್‌-ವೂ ಒಂದು ಟಿವಿ ಕಾರ್ಯಕ್ರಮದಲ್ಲಿ ಮಕಾವಿನ ಅಂಗಡಿಯೊಂದರ ಕಾಫಿ ಕುಡಿದು ಮೆಚ್ಚಿಕೊಂಡ. ಮಾರ್ಚ್ ಹೊತ್ತಿಗೆ ಲಾಕ್‌ಡೌನ್ ಬಂತು, ಪ್ರಪಂಚವೆಲ್ಲ ಅಡುಗೆಮನೆಯಲ್ಲಿ ನಿಂತು ಕಾಫಿ ಕಡೆಯತೊಡಗಿತು. ಎರಡು ಚಮಚ ಇನ್‌ಸ್ಟಂಟ್ ಪುಡಿ, ಎರಡು ಚಮಚ ಸಕ್ಕರೆ, ಎರಡು ಚಮಚ ಬಿಸಿನೀರು, ಅಷ್ಟೇ. ಮೊದಲು ಕಪ್ಪಗೆ ನೀರುನೀರಾಗಿರುತ್ತದೆ. ಬಿಡದೆ ಕಡೆದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ರಟ್ಟೆ ನೋಯಲು ಶುರುವಾದಾಗ ಹೊಂಬಣ್ಣದ ನೊರೆ ಚಮಚದಿಂದ ಬೀಳದಷ್ಟು ಗಟ್ಟಿಯಾಗುತ್ತದೆ. ಅದನ್ನು ತಣ್ಣನೆಯ ಹಾಲಿನ ಮೇಲೆ ಹಾಕಿದರೆ ಮುಳುಗದೆ ಕೂತಿರುತ್ತದೆ. ನಮ್ಮ ಡಿಕಾಕ್ಷನ್ನಿಗೆ ಈ ನೊರೆ ಬರುವುದಿಲ್ಲ, ಇನ್‌ಸ್ಟಂಟ್ ಪುಡಿಯೇ ಆಗಬೇಕು. ಹಾಸ್ಟೆಲ್ಲಿನಲ್ಲಿದ್ದವರಿಗೆ ಇದು ಹೊಸದೇನೂ ಅಲ್ಲ. ಪರೀಕ್ಷೆಯ ರಾತ್ರಿಗಳಲ್ಲಿ ಸ್ಟೀಲ್ ಲೋಟದಲ್ಲಿ ಪುಡಿ, ಸಕ್ಕರೆ ಹಾಕಿ, ನಾಲ್ಕು ಹನಿ ನೀರು ಬಿಟ್ಟು, ಒಬ್ಬರ ಕೈ ಸೋತಾಗ ಇನ್ನೊಬ್ಬರು ಲೋಟ ತೆಗೆದುಕೊಂಡು ಕಲಸಿದ ತಲೆಮಾರುಗಳೇ ಇವೆ. ಆ ಕಾಫಿಯ ರುಚಿಗಿಂತ ಆ ಕಲಸಾಟವೇ ನೆನಪಿನಲ್ಲಿ ಉಳಿದಿರುತ್ತದೆ.

ವೈರಲ್ ಆದ ತಿಂಡಿಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬಹುಪಾಲು ಇದೇ ಜಾತಿಯವು. ಫಿನ್ಲೆಂಡಿನ ಯೆನ್ನಿ ಹಾಯ್ರಿನೆನ್ 2019ರಲ್ಲಿ ಹಾಕಿದ ಫೆಟಾ ಪಾಸ್ತಾ 2021ರ ಆರಂಭದಲ್ಲಿ ಅಮೆರಿಕದಲ್ಲಿ ಹಬ್ಬಿ, ಹಲವು ಅಂಗಡಿಗಳಲ್ಲಿ ಫೆಟಾ ಚೀಸೇ ಸಿಗದ ಹಾಗಾಯಿತು. ಪುಟ್ಟ ಟೊಮೇಟೊಗಳ ನಡುವೆ ಚೀಸಿನ ಗಟ್ಟಿಯೊಂದನ್ನು ಇಟ್ಟು, ಆಲಿವ್ ಎಣ್ಣೆ ಸುರಿದು ಓವನ್ನಿನಲ್ಲಿ ಬೇಯಿಸಿ, ಹೊರಗೆ ತೆಗೆದು ಚಮಚದಿಂದ ಹಿಸುಕುವ ಅಡುಗೆ ಅದು. ಜನ ಮತ್ತೆ ಮತ್ತೆ ನೋಡಿದ್ದು ಆ ಹಿಸುಕುವ ಹತ್ತು ಸೆಕೆಂಡನ್ನು. ಇದನ್ನೇ ಕಾಲೇಜಿನ ದೊಡ್ಡ ಅಡುಗೆಮನೆಯಲ್ಲಿ ಹನ್ನೊಂದು ಗಂಟೆಗೆ ಕಲಸಿ, ಆವಿಯ ಮೇಲಿನ ಸ್ಟೀಲ್ ಟ್ರೇಗೆ ತುಂಬಿ, ಮೇಲೊಂದು ಚೀಟಿ ಅಂಟಿಸಿ ಒಂದು ಗಂಟೆಗೆ ಬಡಿಸಿದರೆ ಅದು ಬರೀ ಕೆಂಪು ಪಾಸ್ತಾ. ಹುಡುಗರು ಚೀಟಿ ಓದಿ ಮುಂದಕ್ಕೆ ಹೋಗುತ್ತಾರೆ. ಅಡುಗೆಯವರು ಪಟ್ಟ ಶ್ರಮ ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

2024ರಲ್ಲಿ ಸೌತೆಕಾಯಿಯ ಕಾಲ ಬಂತು. ಕೆನಡಾದ ಲೋಗನ್ ಮಾಫಿಟ್ ಎಂಬ ಹುಡುಗ ಇಡೀ ಸೌತೆಕಾಯಿಯನ್ನು ಡಬ್ಬಿಯೊಳಕ್ಕೆ ಬಿಲ್ಲೆ ಬಿಲ್ಲೆಯಾಗಿ ತುರಿದು, ಸೋಯಾ ಸಾಸ್, ಬೆಳ್ಳುಳ್ಳಿ, ಎಳ್ಳೆಣ್ಣೆ, ಖಾರದ ಎಣ್ಣೆ ಸುರಿದು, ಮುಚ್ಚಳ ಹಾಕಿ ಕುಲುಕುತ್ತಿದ್ದ. ಆ ಆಗಸ್ಟಿನಲ್ಲಿ ಐಸ್‌ಲೆಂಡಿನಲ್ಲಿ ಸೌತೆಕಾಯಿಗೆ ಅಭಾವ ಬಂದದ್ದು ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಮ್ಯಾಸಚೂಸೆಟ್ಸಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಆಗ ಫೋನಿನಲ್ಲಿ ಹೇಳಿದಳು: "ದೊಡ್ಡಮ್ಮ, ಸೌತೆಕಾಯಿ ಕೌಂಟರಿಗೆ ಎಷ್ಟುದ್ದ ಕ್ಯೂ ಅಂತೀರಿ! ಪಕ್ಕದಲ್ಲೇ ಕಲಸಿಟ್ಟ ಬೌಲ್ ಸಾಲಾಗಿ ಇಟ್ಟಿದ್ರು, ಅದನ್ನ ಯಾರೂ ಮುಟ್ಟಲಿಲ್ಲ. ಎಲ್ಲರಿಗೂ ತಾವೇ ಡಬ್ಬಿ ಕುಲುಕಬೇಕು." ಕಲಸಿಟ್ಟದ್ದನ್ನು ಮುಟ್ಟದೇ ಹೋದದ್ದಕ್ಕೆ ಇನ್ನೊಂದು ಕಾರಣವೂ ಇದ್ದಿರಬೇಕು. ರಾಮನವಮಿಗೆ ಕೋಸಂಬರಿ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ, ಉಪ್ಪು ಹಾಕುವುದು ಬಡಿಸುವ ಹೊತ್ತಿಗೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಪಾತ್ರೆಯ ತಳದಲ್ಲಿ ಕೆರೆ ನಿಲ್ಲುತ್ತದೆ. ಸೋಯಾ ಸಾಸಿನಲ್ಲಿರುವುದೂ ಉಪ್ಪೇ.

ಹಾಗಾಗಿ ನನ್ನ ಮಾತು ಇಷ್ಟು: ಟ್ರೆಂಡನ್ನು ಮೆನುವಿಗೆ ಸೇರಿಸುವ ಮೊದಲು ಅದರಲ್ಲಿ ಕೈಗೆ ಏನು ಕೆಲಸವಿದೆ, ಕಿವಿಗೆ ಏನು ಸದ್ದಿದೆ ಅಂತ ನೋಡಬೇಕು. ಆ ಕೆಲಸವನ್ನು ಹುಡುಗರಿಗೇ ಬಿಡಬೇಕು, ಇಲ್ಲವೇ ಅವರ ಕಣ್ಣೆದುರು ಮಾಡಬೇಕು.

ಅದೇ ಮ್ಯಾಸಚೂಸೆಟ್ಸಿನ ಆಮ್‌ಹರ್ಸ್ಟ್ ಊರಿನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಪ್ರಿನ್ಸ್‌ಟನ್ ರಿವ್ಯೂ ಪಟ್ಟಿಯಲ್ಲಿ ಕ್ಯಾಂಪಸ್ ಊಟಕ್ಕೆ ಹಲವು ವರ್ಷ ಸತತವಾಗಿ ಮೊದಲ ಸ್ಥಾನ ಪಡೆದಿದೆ. ಅವರು 2011ರಲ್ಲಿ 1,800 ಕಿಲೋಗೂ ಹೆಚ್ಚು ತೂಗುವ ಸ್ಟಿರ್ ಫ್ರೈ ಮಾಡಿ ಗಿನ್ನೆಸ್ ದಾಖಲೆ ಬರೆದರು, 2013ರಲ್ಲಿ ಸುಮಾರು 6,900 ಕಿಲೋ ಹಣ್ಣಿನ ಸಲಾಡ್ ಮಾಡಿದರು. ಟಿಕ್‌ಟಾಕ್ ಎಂಬ ಹೆಸರೇ ಹುಟ್ಟಿರದ ದಿನಗಳು ಅವು. ಅಡುಗೆಯೇ ಕಣ್ಣಿಗೆ ಹಬ್ಬ ಅಂತ ಆ ಅಡುಗೆಮನೆ ಆಗಲೇ ಅರಿತಿತ್ತು.

ನಮ್ಮ ಹೋಟೆಲಿನವರೂ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದು ಅಲ್ಲಿನ ಶುಚಿತ್ವವನ್ನು ಇಲ್ಲಿ ತರಲು ಹೊರಟರು. ಗಿರಾಕಿ ಅಡುಗೆಮನೆ ನೋಡಿಕೊಂಡೇ ಒಳಗೆ ಹೋಗುವ ರೂಢಿ ಲಾಲ್‌ಬಾಗ್ ರಸ್ತೆಯ ಆ ಹೋಟೆಲಿನಲ್ಲಿ ಬೆಳೆಯಿತು. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುವವರನ್ನು ನೋಡಿ. ಕಾಯುವ ಹೊತ್ತಿನಲ್ಲಿ ಯಾರ ಮುಖದಲ್ಲೂ ಬೇಸರ ಇರುವುದಿಲ್ಲ. ಕಲ್ಲಿನ ಮೇಲೆ ನೀರು ಚಿಮುಕಿಸಿದ ಚುಂಯ್ ಸದ್ದು, ಹಿಟ್ಟು ಹರಡುವ ಕೈ, ಬೆಣ್ಣೆ ಕರಗುವ ಘಮ ಎಲ್ಲ ಅಲ್ಲೇ ಇರುತ್ತದೆ. ದೋಸೆ ತಟ್ಟೆಗೆ ಬರುವ ಹೊತ್ತಿಗೆ ಅರ್ಧ ಸುಖ ಸಿಕ್ಕಾಗಿರುತ್ತದೆ.

ಅಮೆರಿಕದ ಕಾಲೇಜು ಅಡುಗೆಮನೆಗೆ ಇರುವ ತೊಡಕುಗಳೂ ಸಣ್ಣವಲ್ಲ. ಬಹಳ ಕಡೆ ಮೆನು ನಾಲ್ಕೈದು ವಾರಕ್ಕೊಮ್ಮೆ ತಿರುಗಿ ಬರುತ್ತದೆ, ಸಾಮಾನು ಅದರ ಲೆಕ್ಕದಲ್ಲೇ ಮೊದಲೇ ಆರ್ಡರ್ ಆಗಿರುತ್ತದೆ. ಟ್ರೆಂಡಿನ ಆಯುಸ್ಸು ಕೆಲವೊಮ್ಮೆ ಅಷ್ಟೂ ಇರುವುದಿಲ್ಲ. ಇನ್ನೊಂದು ತೊಡಕು ಅಲರ್ಜಿಯದು, ಅದಕ್ಕೆ ದುಬೈ ಚಾಕೊಲೇಟಿನ ಉದಾಹರಣೆ ತೆಗೆದುಕೊಳ್ಳಿ. ಸಾರಾ ಹಮೂದಾ ದುಬೈಯಲ್ಲಿ 2021ರಲ್ಲಿ ಶುರುಮಾಡಿದ ಫಿಕ್ಸ್ ಎಂಬ ಕಂಪನಿಯ ಚಾಕೊಲೇಟು 2023ರ ಡಿಸೆಂಬರಿನಲ್ಲಿ ಬಂದ ಒಂದು ವಿಡಿಯೊದಿಂದ ಲೋಕಕ್ಕೆಲ್ಲ ಗೊತ್ತಾಯಿತು. ಹುರಿದ ಶಾವಿಗೆಯಂಥ ಕದಾಯಿಫ್, ಪಿಸ್ತಾ, ಎಳ್ಳಿನ ತಹಿನಿ ಎಲ್ಲ ಅದರ ಹೊಟ್ಟೆಯೊಳಗೆ, ಮುರಿದರೆ ಟಕ್ ಅನ್ನುವ ಸದ್ದು. ಅಡುಗೆಯವರು ಅದನ್ನು ತರುವ ಮೊದಲು ಅಲರ್ಜಿಯ ಚೀಟಿ ಬರೆಯಬೇಕು. ಅಮೆರಿಕದ ಕಾನೂನಿನಲ್ಲಿ ಪ್ರಮುಖ ಅಲರ್ಜಿಯ ವಸ್ತುಗಳು ಒಂಬತ್ತು, ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರ ಜನವರಿ 1ರಿಂದ. ಈ ಒಂದು ತುಂಡಿನಲ್ಲಿ ಗೋಧಿ, ಹಾಲು, ಪಿಸ್ತಾ, ಎಳ್ಳು ನಾಲ್ಕೂ ಇವೆ. ಸಾವಿರಾರು ಮಕ್ಕಳು ಉಣ್ಣುವ ಜಾಗದಲ್ಲಿ ಆ ಚೀಟಿ ತಪ್ಪಿದರೆ ಒಂದು ಜೀವಕ್ಕೇ ಅಪಾಯ. ಅದಕ್ಕೇ ನನಗೆ ಒಂದೇ ಮೂಲೆ, ಒಂದೇ ಸಂಜೆ, ಒಂದೇ ತಿನಿಸು ಎನ್ನುವ ಅಳತೆ ಸರಿ ಅನ್ನಿಸುತ್ತದೆ. ಉಳಿದ ಕೌಂಟರುಗಳಲ್ಲಿ ದಿನದ ಊಟ ದಿನದ ಹಾಗೆ ಬಿಸಿಯಾಗಿರಲಿ. ಹಸಿದು ಓಡಿಬಂದ ಹುಡುಗನಿಗೆ ಮೊದಲು ಬೇಕಾದ್ದು ಅದು.

ನಮ್ಮ ಹಾಸ್ಟೆಲ್ಲುಗಳಿಗೆ ಇದರಲ್ಲಿ ಹೊಂದಿಸಿಕೊಳ್ಳಲು ಬಹಳಷ್ಟಿದೆ. ನಮ್ಮಲ್ಲಿ ಹಲವೆಡೆ ತಿಂಗಳ ಖರ್ಚನ್ನು ಉಂಡವರ ನಡುವೆ ಹಂಚುತ್ತಾರೆ. ಪಿಸ್ತಾ ತರಿಸಿದರೆ ಬಿಲ್ಲು ಹುಡುಗರ ತಲೆಗೇ ಬರುತ್ತದೆ. ಆದರೆ ಅಲ್ಲಿಲ್ಲದ ಒಂದು ಅನುಕೂಲ ನಮಗುಂಟು. ಕಲಸಿ ತಿನ್ನುವ ತಿಂಡಿ ನಮ್ಮ ಊರೂರಿನಲ್ಲಿದೆ. ಹುಬ್ಬಳ್ಳಿ, ಧಾರವಾಡದ ಗಿರ್ಮಿಟ್ ಒಂದೇ ಸಾಕು. ಈರುಳ್ಳಿ, ಟೊಮೇಟೊ, ಹುಣಸೆಹಣ್ಣು, ಬೆಲ್ಲದ ಮಸಾಲೆಯನ್ನು ಅಡುಗೆಯವರು ಬೆಳಿಗ್ಗೆಯೇ ಮಾಡಿಡಲಿ. ಮಂಡಕ್ಕಿ, ಪುಟಾಣಿ ಹಿಟ್ಟು, ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ಸೇವು ಬೇರೆ ಬೇರೆ ಬೋಗುಣಿಗಳಲ್ಲಿರಲಿ. ಸಂಜೆ ಐದಕ್ಕೆ ಹುಡುಗರು ತಾವೇ ಕಲಸಿಕೊಳ್ಳಲಿ, ಪಕ್ಕದಲ್ಲಿ ಬಾಣಲೆಯಿಂದ ಮಿರ್ಚಿ ಬಜ್ಜಿ ಎದ್ದು ಬರಲಿ. ಮಂಡಕ್ಕಿ ಮೆತ್ತಗಾಗುವ ಮೊದಲು ತಿನ್ನಬೇಕು ಎನ್ನುವ ಅವಸರವೇ ವಿಡಿಯೊಗೆ ಬೇಕಾದ ಕಳೆ ಕೊಡುತ್ತದೆ. ವಿಡಿಯೊ ಮಾಡುವವರು ಮಾಡಿಕೊಳ್ಳಲಿ, ಆದರೆ ಮಸಾಲೆ ಮಾಡಿದ ಭಟ್ಟರನ್ನು ಕೇಳಿ, ಅವರಿಗೆ ಒಪ್ಪಿಗೆಯಿದ್ದರೆ ಅವರ ಹೆಸರನ್ನೂ ಹಾಕಲಿ. ಖರ್ಚು ಭಾನುವಾರದ ಸ್ವೀಟಿಗಿಂತ ಹೆಚ್ಚಾಗಲಾರದು. ಮೆಸ್ ಕಮಿಟಿಯಲ್ಲಿ ಕೂತಿರುವ ಹುಡುಗರು ಮುಂದಿನ ತಿಂಗಳ ಪಟ್ಟಿ ಬರೆಯುವಾಗ ಒಂದು ಸಂಜೆಯನ್ನು ಇದಕ್ಕೆ ಖಾಲಿ ಬಿಡಲಿ, ಮುಂದಿನ ಸಲ ಏನು ಕಲಸಬೇಕು ಅಂತ ಆ ಕ್ಯೂನಲ್ಲಿ ನಿಂತವರನ್ನೇ ಕೇಳಲಿ.