ಪಂಚಗಂಗಾವಳಿಯ ಅಳಿವೆಯಲ್ಲಿ ಒಂದು ದಿನ

ಕುಂದಾಪುರದ ಪಡುವಲಿಗೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಕಡಲನ್ನು ಸೇರುವ ತಾಣವನ್ನು ನಮ್ಮ ವಾಚಕರಲ್ಲಿ ಹಲವರು ಸೇತುವೆಯ ಮೇಲಿನಿಂದ ನೋಡಿರಬಹುದು. ಬಡಗಲ ದಡ ಗಂಗೊಳ್ಳಿ. ತೆಂಕಲ ದಡ ಕೋಡಿ. ಆ ಅಳಿವೆಯನ್ನು ದಾಟಿ, ಕಳೆದ ಮಾರ್ಗಶಿರದ ಅಮಾವಾಸ್ಯೆಯ ದಿನ, ನಾವು ಒಬ್ಬರೇ ಗಾಳ ಹಾಕಲು ಹೋಗಿದ್ದೆವು.

ದೋಣಿ ನಮ್ಮದಲ್ಲ. ಕೋಡಿಯ ಮೊಗವೀರ ಹಿರಿಯರೊಬ್ಬರು ತಮ್ಮ ಸಣ್ಣ ಪಾತಿಯನ್ನು ಕೊಟ್ಟು, “ಮಾಷ್ಟ್ರೇ, ಹೊತ್ತ್ ನೆತ್ತಿಗ್ ಬಪ್ಪುಕ್ ಮುಂಚೆ ಒಳಗ್ ಬನ್ನಿ” ಎಂದು ಎರಡು ಸಲ ಹೇಳಿದರು. ಕಾರಣವಿತ್ತು. ಅಮಾವಾಸ್ಯೆಯಂದು ಈ ಕರಾವಳಿಯಲ್ಲಿ ಉಬ್ಬರವು ಬೆಳಗಿನ 11 ಗಂಟೆಯ ಸುಮಾರಿಗೆ ತುಂಬುತ್ತದೆ. ಆಮೇಲೆ ನೀರು ಹೊರಕ್ಕೆ ಓಡತೊಡಗುವ ಹೊತ್ತಿಗೇ ಕಡಲಗಾಳಿಯೂ ಏಳುತ್ತದೆ. ಹೊರಗೆ ಓಡುವ ನೀರಿಗೆ ಒಳಕ್ಕೆ ಬರುವ ತೆರೆ ಎದುರಾದರೆ ಅಳಿವೆಯ ಮರಳದಿಬ್ಬದ ಮೇಲೆ ತೆರೆಗಳು ಕಡಿದಾಗಿ ಒಡೆಯುತ್ತವೆ. ಎರಡು ಕಡೆಗೂ ಕಲ್ಲಿನ ತಡೆದಂಡೆ ಕಟ್ಟಿದ ಮಾತ್ರಕ್ಕೆ ಕಡಲು ತನ್ನ ಪದ್ಧತಿಯನ್ನು ಬಿಟ್ಟಿಲ್ಲ.

ಬೆಳಕು ಹರಿಯುವ ಮೊದಲೇ ಇಳಿತದ ಕೊನೆಯ ನೀರಿನೊಡನೆ ಹೊರಬಿದ್ದೆವು. ಹಗ್ಗಕ್ಕೆ ಕಟ್ಟಿದ ಕಲ್ಲೇ ಲಂಗರು. ಗಾಳಕ್ಕೆ ಸಿಗಡಿ ಸಿಕ್ಕಿಸಿ ಮರಳನೆಲದ ಮೇಲೆ ಇಳಿಬಿಟ್ಟೆವು. ಅಲ್ಲಿ ನಾವು ಬಯಸಿದ್ದು ಕಾಣೆ ಮೀನು. ಇದು ಬೆದರಿದರೆ ಮರಳಿನೊಳಗೆ ಹುದುಗುವ ಜಾತಿ. ಕಚ್ಚುವುದೂ ಸಂಕೋಚದಿಂದಲೇ, ಹೊಸ ಅಳಿಯನು ಎಲೆಯ ಮುಂದೆ ಕುಳಿತಂತೆ. ಬೆರಳಿಗೆ ದಾರವನ್ನು ಸುತ್ತಿಕೊಂಡು ಕಾಯಬೇಕು. 9 ಗಂಟೆಯವರೆಗೆ ದೊರೆತದ್ದು ಎರಡು. ಆಮೇಲೆ ಒಂದರ ಹಿಂದೊಂದು ಬರತೊಡಗಿದವು. ಇನ್ನೊಂದು, ಇನ್ನೊಂದು ಎನ್ನುತ್ತಿರುವಾಗ ನಮ್ಮ ನೆರಳು ಕಾಲಡಿಗೆ ಬಂದಿತ್ತು.

ಗಾಬರಿಯಿಂದ ಹಗ್ಗವನ್ನು ಎಳೆದರೆ ಕಲ್ಲು ಬರಲಿಲ್ಲ. ಯಾವುದೋ ಹಳೆಯ ಬಲೆಗೆ ತೊಡಕಿರಬೇಕು. ಬಹಳ ಹೊತ್ತು ಹೆಣಗಿ, ಕೊನೆಗೆ ಹಗ್ಗವನ್ನು ಕೊಯ್ದೆವು. ಅಳಿವೆಯ ಬಾಯಿಗೆ ಬರುವಾಗ ಎರಡು ಗಂಟೆ. ಅಲ್ಲಿ ನೀರು ಬೆಳ್ಳಗೆ ಕುದಿಯುತ್ತಿತ್ತು.

ನುಗ್ಗಿಬಿಡೋಣ ಎಂಬ ಆಲೋಚನೆ ಬಾರದೆ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಬರುವೆವೆಂದು ಮನೆಯಲ್ಲಿ ಹೇಳಿದ್ದೆವು. ದೂರವಾಣಿಯನ್ನು ನೆನೆದೀತೆಂದು ಮನೆಯಲ್ಲಿಯೇ ಬಿಟ್ಟಿದ್ದೆವು. ಮನೆಯಾಕೆಯು ಬಾಗಿಲಿಗೂ ಒಲೆಗೂ ಓಡಾಡುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಒಂದು ತೆರೆ ಮಗುಚಿ ಒಡೆದು, ಅದರ ಬುಡದಲ್ಲಿ ಮರಳು ಕಂಡಿತು. ಹಿಂದಕ್ಕೆ ತಿರುಗಿದೆವು.

ಲಂಗರಿಲ್ಲದ ದೋಣಿಯನ್ನು ಗಾಳಿ ದಡದ ಕಡೆಗೆ ತಳ್ಳುತ್ತದೆ. ಸುಮ್ಮನೆ ಕೂಡುವಂತಿಲ್ಲ. ಇಳಿತ ಮುಗಿಯುವವರೆಗೆ ಹುಟ್ಟು ಹಾಕುತ್ತ ಇದ್ದಲ್ಲಿಯೇ ಇದ್ದೆವು. ಅಂಗೈ ಬೊಬ್ಬೆ ಎದ್ದು ಒಡೆದು ಉಪ್ಪುನೀರಿಗೆ ಉರಿಯಿತು. ತಂಬಿಗೆಯ ನೀರು ತೀರಿತು. ಮೀನುಗಳ ಮೇಲೆ ಹೊದಿಸಿದ್ದ ಒದ್ದೆ ಗೋಣಿ ಒಣಗಿ ಗರಿಗರಿಯಾಯಿತು.

ಹೊತ್ತು ಮುಳುಗುವಾಗ ಗಾಳಿ ಬಿತ್ತು. ಹೊಸ ಉಬ್ಬರದ ನೀರು ಒಳಕ್ಕೆ ಸರಿಯತೊಡಗಿತು. ಮೂರು ದೊಡ್ಡ ತೆರೆಗಳನ್ನು ಬಿಟ್ಟುಕೊಟ್ಟು, ಅವುಗಳ ಬೆನ್ನಿಗೇ ನುಸುಳಿದೆವು. ದಡದಲ್ಲಿ ಹಿರಿಯರು ಟಾರ್ಚು ಹಿಡಿದು ನಿಂತಿದ್ದರು, ಅವರ ಹಿಂದೆ ಸೆರಗು ಬಿಗಿದುಕೊಂಡು ನಮ್ಮಾಕೆ.

ಮೀನು ಮೆತ್ತಗಾಗಿ ಕೆಟ್ಟಿತ್ತು. ಹಿರಿಯರು ಅದನ್ನು ನೋಡಲೇ ಇಲ್ಲ, ಹಗ್ಗದ ತುದಿಯನ್ನು ಬೆಳಕಿಗೆ ಹಿಡಿದು, “ಕಲ್ಲ್ ಎಲ್ಲ್ ಹೋಯ್ತ್, ಮಾಷ್ಟ್ರೇ?” ಎಂದರು.