ತುಂಬಿದ್ದು ನೀರೋ, ಹೂಳೋ?

ತರಗತಿಗೆ ಕಾಲಿಟ್ಟೊಡನೆ ಅಂದಿನ ಪತ್ರಿಕೆಯ ಒಂದು ಸುದ್ದಿ ಹೇಳುವುದು ನನ್ನ ಹಳೆಯ ಚಾಳಿ. ಕಳೆದ ಮಳೆಗಾಲದಲ್ಲೊಂದು ದಿನ, "ಕಬಿನಿ ತುಂಬಿತಂತೆ ಕಣ್ರೋ, 2,284 ಅಡಿ" ಎಂದೆ. ಮೇಷ್ಟ್ರು ಖುಷಿಯಾಗಿದ್ದರೆ ಮನೆಗೆಲಸ ಕಡಿಮೆ ಎಂಬ ಲೆಕ್ಕದಲ್ಲಿ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನವನೊಬ್ಬ ಮಾತ್ರ ಎದ್ದು ನಿಂತು, "ತುಂಬಿರದು ನೀರಾ ಸಾ, ಹೂಳಾ?" ಎಂದ.

ಅಧಿಕಪ್ರಸಂಗ ಎನ್ನುವಂತಿರಲಿಲ್ಲ. ಅವರ ಗದ್ದೆ ಇರುವುದು ನಾಲೆಯ ಕಟ್ಟಕಡೆಯಲ್ಲಿ. ನೀರು ಬಂದರೆ ಭತ್ತ, ಬಾರದಿದ್ದರೆ ಹುರುಳಿ. ಹಿಂದಿನ ವರ್ಷ ಪೈರು ಒಣಗಿ ಅವರಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದದ್ದು ನನಗೂ ಗೊತ್ತಿತ್ತು. "ನಾಳೆ ಹೇಳ್ತೀನಿ, ಕೂತ್ಕೊ" ಎಂದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಈ ಒಂದು ವಾಕ್ಯ ನನ್ನ ಮಾನವನ್ನು ಬಹಳ ಸಲ ಕಾಪಾಡಿದೆ.

ಮರಳಿನ ಮಹಿಮೆಯನ್ನು ನಮ್ಮ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇವಸ್ಥಾನಗಳನ್ನೇ ಹೂತುಹಾಕಿದ ತಲಕಾಡು ಇಲ್ಲೇ ಇದೆ. ಅದಕ್ಕೆ ಅಲಮೇಲಮ್ಮನ ಶಾಪ ಕಾರಣವೆನ್ನುತ್ತಾರೆ. ಆದರೆ ಅಣೆಕಟ್ಟೆಯಲ್ಲಿ ಹೂಳು ತುಂಬಲು ಯಾರ ಶಾಪವೂ ಬೇಡ. ಓಡುವ ನೀರು ಹೊರೆ ಹೊರುತ್ತದೆ, ನಿಂತ ನೀರು ಇಳಿಸುತ್ತದೆ, ಅಷ್ಟೆ. ಹೊಸಪೇಟೆಯ ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. 2016ರ ಸಮೀಕ್ಷೆಯ ಹೊತ್ತಿಗೆ ಅದು 105.79ಕ್ಕೆ ಇಳಿದಿತ್ತು. ನಮ್ಮ ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯವೇ 19.52 ಟಿಎಂಸಿ. ಎಂದರೆ ಒಂದಿಡೀ ಕಬಿನಿಗಿಂತ ಹೆಚ್ಚಿನ ಜಾಗವನ್ನು ಅಲ್ಲಿ ಹೂಳು ನುಂಗಿದೆ!

ಅಳೆಯುವುದು ಹೇಗೆ? ಜಲಾಶಯದಲ್ಲಿ ದೋಣಿ ಬಿಟ್ಟು, ನೀರಿನೊಳಕ್ಕೆ ಶಬ್ದ ಕಳಿಸಿ, ಮರುದನಿಯಿಂದ ಆಳ ತಿಳಿಯುತ್ತಾರೆ. ಅದು ಹಲವು ವರ್ಷಕ್ಕೊಮ್ಮೆ ನಡೆಯುವ ಕೆಲಸ. ನಡುವಿನ ವರ್ಷಗಳಲ್ಲಿ ಹೊಳೆಯ ನೀರನ್ನು ಬಾಟಲಿಯಲ್ಲಿ ಹಿಡಿದು, ಸೋಸಿ, ಒಣಗಿಸಿ, ಉಳಿದ ಮಣ್ಣನ್ನು ತೂಗಬೇಕು. ಆದರೆ ಹೊಳೆ ಅತಿ ಹೆಚ್ಚು ಹೊರೆ ಹೊರುವುದು ಪ್ರವಾಹದಲ್ಲಿ. 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ರಸ್ತೆಯೇ ಮುಳುಗಿತ್ತಲ್ಲ, ಅಂಥ ಹೊಳೆಗೆ ಬಾಟಲಿ ಹಿಡಿದು ಇಳಿಯುವ ಧೀರ ಯಾರು? ತಳದಲ್ಲಿ ಉರುಳುವ ಕಲ್ಲುಗಳಂತೂ ಬಾಟಲಿಗೆ ಸಿಕ್ಕುವುದೇ ಇಲ್ಲ.

ಚಿಕ್ಕಂದಿನಲ್ಲಿ ಕಪಿಲೆ ಕೆಂಪಗೆ ಬಂದಾಗ ನಾವು ಹುಡುಗರು ಸೋಪಾನಕಟ್ಟೆಯ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದೆವು. ಅಂಗಾಲು ಸಣ್ಣಗೆ ಜುಮ್ಮೆನ್ನುತ್ತಿತ್ತು. "ಹೊಳೆ ಹಲ್ಲು ಕಡೀತಾ ಅದೆ, ಬನ್ರೋ ಈಚೆಗೆ" ಎಂದು ಅಜ್ಜಿ ಕೂಗುತ್ತಿದ್ದಳು. ಅಂದು ರಾತ್ರಿ ಪುಸ್ತಕ ತಿರುವುವಾಗ ಅಜ್ಜಿ ನೆನಪಾದಳು. 2003ರಲ್ಲಿ ನೇಪಾಳದ ತ್ರಿಶೂಲಿ ನದಿಯ ಕಣಿವೆಯುದ್ದಕ್ಕೂ ಭೂಕಂಪನ ಮಾಪಕಗಳನ್ನು ಇಟ್ಟಿದ್ದರು. ಉದ್ದೇಶ ಹಿಮಾಲಯದ ಅಡಿಪಾಯದ ಅಧ್ಯಯನ. ಮಳೆಗಾಲ ಬಂದೊಡನೆ ಮಾಪಕಗಳಲ್ಲಿ ಬೇಡದ ಸದ್ದು ಏರಿತು. ನೀರಿನ ಮಟ್ಟ ಅಷ್ಟೇ ಇದ್ದರೂ ಮಳೆಗಾಲದ ಆರಂಭದಲ್ಲಿ ಸದ್ದು ಹೆಚ್ಚು, ಕೊನೆಯಲ್ಲಿ ಕಡಿಮೆ. ಬರೀ ನೀರಿನದಾಗಿದ್ದರೆ ಹೀಗಾಗುತ್ತಿರಲಿಲ್ಲ. ತಳದ ಕಲ್ಲುಗಳು ಬಂಡೆಗೆ ಬಡಿದು ಎಬ್ಬಿಸುವ ಕಂಪನವೂ ಅದರಲ್ಲಿ ಸೇರಿದೆ ಎಂದು ಬರ್ಟಿನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ನೀರಿನ ಮೊರೆತ ಮಂದ್ರದ್ದು, ಕಲ್ಲಿನ ಬಡಿತ ಅದಕ್ಕಿಂತ ಮೇಲಿನ ಸ್ಥಾಯಿಯದು. ಆದ್ದರಿಂದ ದಡದಲ್ಲಿ ಕುಳಿತೇ ಎರಡನ್ನೂ ಬೇರ್ಪಡಿಸಲು ಸಾಧ್ಯ. ಬೇಡವೆಂದು ಬಿಸಾಡುವ ಸದ್ದಿನಲ್ಲೇ ಹೊಳೆಯ ಲೆಕ್ಕವಿತ್ತು!

ಮರುದಿನ ಉತ್ಸಾಹದಿಂದ ಪ್ರಯೋಗಕ್ಕೆ ನಿಂತೆ. ಬೆಂಚಿನ ಮೇಲೆ ತಗಡನ್ನು ಇಳಿಜಾರಾಗಿಟ್ಟು, ಕೆಳಗೆ ಬಕೆಟ್ಟು. ಒಂದು ಲೋಟ ಜಲ್ಲಿ, ಒಂದು ಲೋಟ ಮರಳು, ಒಂದು ಲೋಟ ಕೆರೆಯ ಗೋಡು. ಒಂದೊಂದನ್ನೂ ನೀರಿನೊಡನೆ ಹರಿಯಬಿಟ್ಟೆ. ಹುಡುಗರು ಬೆಂಚಿಗೆ ಕಿವಿಯೊತ್ತಿ ಕೂತರು. ಜಲ್ಲಿಗೆ ಬೆಂಚೇ ಅದುರಿತು. ಮರಳು ಸರಸರ ಎಂದಿತು. ಗೋಡು ಇಳಿದದ್ದು ಯಾರಿಗೂ ಕೇಳಿಸಲಿಲ್ಲ.

"ಮಣ್ಣು ಸದ್ದೇ ಮಾಡ್ಲಿಲ್ವಲ್ಲ ಸಾ" ಎಂದ ಅವನೇ.

ನನ್ನ ಉತ್ಸಾಹವೂ ಅಲ್ಲಿಗೇ ಇಳಿಯಿತು. ವಿಜ್ಞಾನ ಹೇಳುವುದೂ ಅದನ್ನೇ. ಅಮೆರಿಕದ ವಿಕ್ಟರ್ ತ್ಸಾಯ್ ಮತ್ತು ಸಂಗಡಿಗರು 2012ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಹೊರೆ ಅಷ್ಟೇ ಇದ್ದು ಕಲ್ಲಿನ ಅಡ್ಡಳತೆ ಹತ್ತು ಪಟ್ಟಾದರೆ ಕಂಪನದ ಶಕ್ತಿ ಸುಮಾರು ಸಾವಿರ ಪಟ್ಟಾಗುತ್ತದೆ. ಹಿಮಾಲಯದ ಗುಂಡುಕಲ್ಲಿಗೆ ಸರಿ. ನಮ್ಮ ಕಡೆಯ ಜಲಾಶಯಗಳಿಗೆ ಬರುವುದು ಬಹುಪಾಲು ತೇಲಿಬರುವ ನುಣ್ಣನೆಯ ಮಣ್ಣು. ಅದು ಕಳ್ಳನ ಹಾಗೆ ಸದ್ದಿಲ್ಲದೆ ಒಳಸೇರುತ್ತದೆ. ಮಾಪಕವನ್ನು ಇಲ್ಲಿ ಹೂತರೂ ಅದು ಹೇಳುವುದು ಮರಳು-ಕಲ್ಲಿನ ಪಾಲನ್ನಷ್ಟೇ. ಉಳಿದದ್ದಕ್ಕೆ ದೋಣಿ, ಬಾಟಲಿಗಳೇ ಗತಿ.

"ನೀರೂ ಇದೆ, ಹೂಳೂ ಇದೆ ಕಣೋ. ಎಷ್ಟೆಷ್ಟು ಅನ್ನೋದು ಮತ್ತೆ ಅಳೆದಾಗಲೇ ಗೊತ್ತಾಗೋದು" ಎಂದೆ.

"ಯಾವಾಗ ಅಳೀತರೆ ಸಾ?"

ನಾಳೆ ಹೇಳುತ್ತೇನೆ ಎನ್ನಲು ಈ ಸಲ ಬಾಯಿ ಬರಲಿಲ್ಲ. ಅವನು ಅಷ್ಟರಲ್ಲಿ ಬಕೆಟ್ಟಿನ ನೀರು ಬಗ್ಗಿಸಿ, ತಳದ ಗೋಡನ್ನು ಬೆರಳಲ್ಲಿ ಹಿಸುಕಿ ನೋಡುತ್ತಿದ್ದ. "ಒಳ್ಳೆ ಮಣ್ಣು ಸಾ, ನಮ್ಮ ಗದ್ದೆಗಾದದೆ" ಎಂದು ಊಟದ ಡಬ್ಬಿಗೆ ತುಂಬಿಕೊಂಡ.